ಕೊರಳಳತೆ

ನನ್ನ ಅಳತೆಪಟ್ಟಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು.
ಮದುವೆಯ ಅಂಗಿಗೆ ನೊರಾಯರನ ಕೊರಳು ಮೂವತ್ತೊಂಬತ್ತು,
ಈಸ್ಟರಿಗೆ ನಲವತ್ತೊಂದು,
ಗ್ಯುಮ್ರಿಯಲ್ಲಿ ಮೊದಲ ಹಿಮ ಬಿದ್ದ ದಿನ ನಲವತ್ತನಾಲ್ಕೂವರೆ.
ಗಿರಾಕಿಗಳ ವಹಿಯಲ್ಲಿ ಅವನ ಪುಟ ಮಾತ್ರ
ಮಕ್ಕಳಿರುವ ಮನೆಯ ಬಾಗಿಲಚೌಕಟ್ಟಿನ ಹಾಗೆ
ಮೇಲಕ್ಕೆ, ಇನ್ನೂ ಮೇಲಕ್ಕೆ ಗೀಟು.

"ಭಾರ ಎತ್ತುವವನಲ್ಲವೇ, ಬೆಳೆಯುತ್ತಾನೆ" ಅಂದಳು ಅತ್ತೆ,
ಅವನ ತಟ್ಟೆಗೆ ಇನ್ನೆರಡು ಮೊಟ್ಟೆ ನೂಕಿ.
ಭುಜ ಎದ್ದು ಕಿವಿಯ ಕಡೆಗೆ ನಡೆದಿತ್ತು.
ಕಂಕುಳ ಹೊಲಿಗೆ ಬಿಚ್ಚಿ ಮುಕ್ಕೋನದ ತುಂಡು ಕೂಡಿಸಿದೆ,
ಮತ್ತೆ ಬಿಚ್ಚಿದೆ, ಮತ್ತೆ ಕೂಡಿಸಿದೆ.
ಬೆನ್ನ ತುಂಬ ಹದಿಹರೆಯದ ಮೊಡವೆ,
ದಿಂಬಿನ ಮೇಲೆ ಮುದುಕನ ಕೂದಲು.
ಒಬ್ಬನೇ ಗಂಡನಲ್ಲಿ ಎರಡು ವಯಸ್ಸು ಬಾಡಿಗೆಗಿದ್ದವು.

ಗುರುವಾರ ಸಂಜೆ ಕೋಚ್ ಬಾಬ್ಕೆನ್ ಬರುತ್ತಿದ್ದ.
ಎಣ್ಣೆಯಂಥ ಮದ್ದು; ಚಳಿಗೆ ಬಿಗಿದುಕೊಂಡು
ಸೂಜಿಯಲ್ಲಿ ಇಳಿಯುತ್ತಿರಲಿಲ್ಲ.
ಒಲೆಯ ಮೇಲೆ, ಕೆಟಲಿನ ಮಗ್ಗುಲಲ್ಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದ.
"ವಿಟಮಿನ್, ತಂಗಿ."
ಸೂಜಿ ಹಿಡಿದು ಬದುಕುವವಳಿಗೆ ಸೂಜಿಯ ಸುಳ್ಳು ತಿಳಿಯದೇ?
ಆದರೂ ಚಹಾ ಬಗ್ಗಿಸಿದೆ.
ಮೂರು ಲೋಟ. ಅದನ್ನು ಮುಚ್ಚಿಡಲಾರೆ.

ಎರಡನೆಯ ವರ್ಷ ಮುಖ ಸದಾ ಕೆಂಪು,
ಕಂಡವರು ಕುಡಿದಿದ್ದಾನೆ ಅಂದರು.
ರಕ್ತ ದಪ್ಪವಾಗಿತ್ತು. ನರ್ಸು ತೆಗೆದ ಕೊಳವೆಯಲ್ಲಿ
ದಾಳಿಂಬೆ ರಸವನ್ನು ಕುದಿಸಿ ಕುದಿಸಿ ಇಳಿಸಿದ ಪಾಕ.
ನೂರ ತೊಂಬತ್ತು ಕಿಲೋ ಎತ್ತಿದ; ಕಂಚು ಬಂತು,
ಗೋಡೆಗೆ ಮೊಳೆ ನಾನೇ ಹೊಡೆದೆ.
ನಾನು ಕಾಯುತ್ತಿದ್ದದ್ದು ಬೇರೆ ಭಾರ.
ತಿಂಗಳು ತಪ್ಪಲಿಲ್ಲ, ಒಂದೂ.
ಅತ್ತೆ ನನ್ನ ಹೊಟ್ಟೆ ನೋಡುತ್ತಿದ್ದಳು, ನಾನು ನೆಲ.

ಡಾಕ್ಟರ್ ಶೋಘಿಕ್ ಬಾಗಿಲು ಹಾಕಿಕೊಂಡು
ಅವನಿಗೆ ಹೇಳಿದಳು, ನನ್ನನ್ನು ನೋಡುತ್ತ.
ಟೆಸ್ಟೊಸ್ಟೆರೋನ್ ಎಂಬ ಹೆಸರು ನಾನು ಕೇಳಿದ್ದು ಅಲ್ಲೇ.
"ಹೊರಗಿಂದ ದಿನವೂ ಬುತ್ತಿ ಬರುವ ಮನೆಯಲ್ಲಿ
ಒಲೆ ಯಾರು ಹಚ್ಚುತ್ತಾರೆ?
ತಲೆಯೊಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ,
ಬೇಕಾದ್ದಕ್ಕಿಂತ ಹೆಚ್ಚೇ ಇದೆಯೆಂದು ಬಾಯಿ ಮುಚ್ಚಿದೆ.
ಅದರ ಅಪ್ಪಣೆ ಬಾರದೆ ಕೆಳಗಿನವು ಕುಗ್ಗಿವೆ, ಕೆಲಸ ಬಿಟ್ಟಿವೆ.
ಮೈ ನಿನ್ನ ಮೇಲೆ ಮುನಿದಿಲ್ಲ, ನೊರಾಯರ್.
ಒಗ್ಗಿಕೊಂಡಿದೆ, ಅಷ್ಟೆ."
ಚೀಟಿಯಲ್ಲಿ ವೀರ್ಯಾಣುವಿನ ಎದುರು ಸೊನ್ನೆ,
ಗುಂಡಿ ಕಿತ್ತುಹೋದ ಕಾಜಿನಂತೆ.

ಒಗ್ಗಿಕೊಂಡಿದೆ.
ಡಬ್ಬಿಮನೆಯಲ್ಲಿ ಹುಟ್ಟಿದವಳಿಗೆ ಆ ಮಾತು ಹೊಸದೇ?
ಭೂಕಂಪದ ಮೇಲೆ, ತಾತ್ಕಾಲಿಕ ಅಂತ ಕೊಟ್ಟ ತಗಡಿನ ಪೆಟ್ಟಿಗೆಯಲ್ಲಿ
ಅಮ್ಮ ಇಪ್ಪತ್ತೇಳು ಚಳಿಗಾಲ ಪರದೆ ಬದಲಿಸಿದಳು.

ಅವನು ಮದ್ದು ಬಿಟ್ಟ. ಬಾಬ್ಕೆನ್ ಬರುವುದು ಬಿಟ್ಟ.
ಹೊರಗಿನ ಬುತ್ತಿ ನಿಂತಿತು, ಒಳಗಿನ ಒಲೆ ಹತ್ತಲಿಲ್ಲ.
ಆ ಐದು ತಿಂಗಳು!
ಬೂಟಿನ ದಾರ ಕಟ್ಟಲು ಬಗ್ಗಿದವನು ಅಲ್ಲೇ ಕೂತುಬಿಡುತ್ತಿದ್ದ,
ಈರುಳ್ಳಿ ಹೆಚ್ಚದೆಯೂ ಕಣ್ಣಲ್ಲಿ ನೀರು,
ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ.
ಒಂದು ರಾತ್ರಿ "ನನ್ನನ್ನು ಅಳೆ" ಅಂದ.
ಅಳೆದೆ. ನಲವತ್ತೆರಡು.
ವಹಿಯಲ್ಲಿ ಬರೆಯಲಿಲ್ಲ.

ಈಗ ರೈಲು ನಿಲ್ದಾಣದ ಬಳಿ ಲಾರಿಗಳ ಟೈರು ಬದಲಿಸುತ್ತಾನೆ.
ಯಾವ ಚಕ್ರಕ್ಕೂ ಇನ್ನೊಬ್ಬರ ಕೈ ಕೇಳುವುದಿಲ್ಲವಂತೆ.
ಸ್ನಾಯು ಇಳಿದರೂ ಅದರ ಎಳೆಯೊಳಗೆ
ಹೊಸದಾಗಿ ಸೇರಿಕೊಂಡ ಬಿಂದುಗಳು ಬೇಗ ಹೋಗಲಾರವು,
ಕಾದಿರುತ್ತವೆ ಅನ್ನುತ್ತಾಳೆ ಶೋಘಿಕ್.
ನನಗೆ ಅಷ್ಟು ಮಾತ್ರ ಪೂರ್ತಿ ಅರ್ಥವಾಯಿತು:
ನಾನೂ ಒಳಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುವವಳು.

ಹೋದ ವಾರದ ಚೀಟಿಯಲ್ಲಿ ಸೊನ್ನೆಯಿಲ್ಲ.
ಏನೋ ಒಂದು ಸಣ್ಣ ಅಂಕಿ. ಡಾಕ್ಟರ್ ಅದರ ಕೆಳಗೆ ಗೀಟೆಳೆದಳು,
ನಗಲಿಲ್ಲ.

ಮದುವೆಯ ಅಂಗಿ ಮತ್ತೆ ಬಿಚ್ಚಿ ಕೂತಿದ್ದೆ ನಿನ್ನೆ,
ಕಂಕುಳ ತುಂಡು ತೆಗೆಯಲು.
ನೂಲು ಸಲೀಸಾಗಿ ಬಂತು. ತೂತುಗಳ ಸಾಲು ಉಳಿಯಿತು.
ನೀರು ಚಿಮುಕಿಸಿದೆ, ಇಸ್ತ್ರಿ ಒತ್ತಿದೆ, ಉಗುರಿನಿಂದ ಉಜ್ಜಿದೆ.
ತೊಟ್ಟು ಕನ್ನಡಿಯ ಮುಂದೆ ನಿಂತ.
"ಬಿಗಿಯೇ?" ಅಂದೆ.
ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ,
"ಗೊತ್ತಾಗುತ್ತಿಲ್ಲ" ಅಂದ.